ಬಂದೂಕಿಗೆ ಬ್ಯಾಟರಿ ಕಟ್ಟುವ ಮುನ್ನ

ಹಿಂಗಾರಿ ಕಡಲೆ ಕಾಯಿ ಕಟ್ಟುವ ಹೊತ್ತು. ರೋಣ, ನರಗುಂದ, ಗಜೇಂದ್ರಗಡದ ಹೊಲಗಳಲ್ಲಿ ಕಾವಲಿನ ರಾತ್ರಿಗಳು ಶುರುವಾಗಿವೆ. ನಳಿಗೆಗೇ ಟಾರ್ಚು ಕಟ್ಟಿಕೊಂಡರೆ ಕೆಲಸ ಸಲೀಸು ಅನ್ನುವವರಿದ್ದಾರೆ. ಯಾವ ಟಾರ್ಚು ಒಳ್ಳೆಯದು ಎಂದು ಕೇಳುವ ಮೊದಲು ಅದು ಎಲ್ಲಿರಬೇಕು ಎಂದು ಕೇಳಿ!

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಉಂಡು, ಚಕ್ಕಡಿ ಕಟ್ಟಿಕೊಂಡು ಎಲ್ಲರೂ ಊರು ಸೇರಿದ ಮೇಲೆ ಹೊಲದಲ್ಲಿ ಉಳಿಯುವವನು ಕಾವಲಿನವನೊಬ್ಬನೇ. ಹೆಗಲ ಮೇಲೆ ಕಂಬಳಿ. ತೊಡೆಯ ಮೇಲೆ ಒಂಟಿ ನಳಿಗೆಯ ಹನ್ನೆರಡು ಬೋರಿನ ಬಂದೂಕು. ನಳಿಗೆಯ ಕೆಳಗೆ, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದ ಚಾರ್ಜಿಂಗ್ ಟಾರ್ಚು. ಮೇಲೆ ಚಂದ್ರನಿಲ್ಲ.

ಜೋಳದ ಸಾಲಿನೊಳಗೆ ಸರಪರ ಸದ್ದಾಗುತ್ತದೆ. ನಿಲ್ಲುತ್ತದೆ. ಮತ್ತೆ ಆಗುತ್ತದೆ. ಬಂದೂಕು ಹೆಗಲಿಗೇರುತ್ತದೆ, ಹೆಬ್ಬೆರಳು ಗುಂಡಿ ಒತ್ತುತ್ತದೆ. ಬೆಳಕು ಹೋಗಿ ಬಿದ್ದದ್ದು ಒಂದು ಬಿಳಿ ಟೊಪ್ಪಿಗೆಯ ಮೇಲೆ.

"ಏ ಕಾಕಾ, ನಾನೋ! ಕರೆಂಟ್ ಬಂತಂತ ಮೋಟರ್ ಚಾಲೂ ಮಾಡಾಕ ಹೊಂಟೀನಿ. ಮದ್ಲ ಆ ಬಂದೂಕ ಕೆಳಗ ಮಾಡು!"

"ಬರೋವಾಗ ಒಂದು ಕೂಗ ಹಾಕಬಾರ್ದೇನೋ? ಹಂದಿ ಅಂತ ತಿಳದಿದ್ನೆಲ್ಲೋ..."

ಇಂಥ ರಾತ್ರಿಗಳು ಪೇಪರಿಗೆ ಬರುವುದಿಲ್ಲ. ಬೆರಳು ಕುದುರೆ ಎಳೆದ ರಾತ್ರಿಗಳಷ್ಟೇ ಬರುತ್ತವೆ. ಹಂದಿ ಎಂದು ತಿಳಿದು ಹಾರಿಸಿದ ಗುಂಡಿಗೆ ಮನುಷ್ಯ ಬಲಿಯಾದ ಸುದ್ದಿಯನ್ನು ಕೊಡಗು, ಮಲೆನಾಡಿನ ಕಡೆಯಿಂದ ನಾವೆಲ್ಲ ಓದಿದ್ದೇವೆ. ಬಯಲುಸೀಮೆಯವರಿಗೆ ಅದು ದೂರದ ಮಾತು ಅನ್ನಿಸುತ್ತದೆ. ಇಲ್ಲೇನು ಕಾಡೇ, ಕಣ್ಣು ಹಾಯುವಷ್ಟೂ ಹೊಲ ಎಂಬ ಧೈರ್ಯ. ಆದರೆ ಆಳೆತ್ತರದ ಬಿಳಿಜೋಳದ ಬದುವಿನ ಮೇಲೆ ರಾತ್ರಿ ಹತ್ತರ ನಂತರ ನಿಂತವರಿಗೆ ಆ ಧೈರ್ಯ ಇರುವುದಿಲ್ಲ.

ಹೊಲದಲ್ಲಿ ಯಾರ್ಯಾರು?

ಈ ಮೂರೂ ಊರಿನ ಸೀಮೆ ಒಂದೇ ಥರದ್ದಲ್ಲ. ನರಗುಂದದ ಕಡೆ ಮಲಪ್ರಭೆಯ ಕಾಲುವೆ ನೀರು, ಮೆಕ್ಕೆಜೋಳ, ಹತ್ತಿ. ರೋಣದ ಎರೆಯಲ್ಲಿ ಕಡಲೆ, ಜೋಳ, ಕುಸುಬೆ. ಗಜೇಂದ್ರಗಡ ಹತ್ತಿರವಾದಂತೆ ಕಲ್ಲುಗುಡ್ಡ ಏಳುತ್ತದೆ, ಗುಡ್ಡದ ತುಂಬ ಗಾಳಿಯಂತ್ರ.

ಹಗಲು ಹಳ್ಳದ ದಂಡೆಯ ಜಾಲಿಕಂಟಿಯಲ್ಲಿ ಮಲಗುವ ಹಂದಿ ಕತ್ತಲಾದ ಮೇಲೆ ಹೊಲಕ್ಕಿಳಿಯುತ್ತದೆ. ಶೇಂಗಾ ಆದರೆ ಬೇರುಸಹಿತ, ಮೆಕ್ಕೆಜೋಳವಾದರೆ ದಂಟುಸಹಿತ. ಚಿಗರಿಗಳದ್ದು ಬೇರೆ ಲೆಕ್ಕ. ಅವು ಬಯಲಿನಲ್ಲೇ ಹುಟ್ಟಿ ಬಯಲಿನಲ್ಲೇ ಬಾಳುವ ಜೀವ. ಕಡಲೆ ಕವಲೊಡೆಯಲಿ ಎಂದು ರೈತ ತಾನೇ ಕುಡಿ ಚಿವುಟುತ್ತಾನೆ. ಚಿಗರಿಯ ಹಿಂಡು ಕುಡಿಗೇ ನಿಲ್ಲುವುದಿಲ್ಲ.

ಇನ್ನು ಮನುಷ್ಯರು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ಹಾಗಾಗಿ ನೀರು ಹಾಯಿಸುವವನು ರಾತ್ರಿಯೇ ಹೊಲದಲ್ಲಿರುತ್ತಾನೆ. ಕಟಾವಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿರುತ್ತಾರೆ; ಅಲ್ಲಿ ಕುರುಬರ ಸಂಸಾರ, ಹಸುಗೂಸು, ನಾಯಿ, ಕುದುರೆ ಎಲ್ಲ ಇರುತ್ತದೆ. ಕುರಿಯ ವಾಸನೆ ಹಿಡಿದು ಬರುವ ತೋಳವೂ ಇರಬಹುದು.

ಈಗ ಕಣ್ಣಿನ ಸಂಗತಿಗೆ ಬರೋಣ. ಟಾರ್ಚು ಬಿಟ್ಟಾಗ ಕತ್ತಲಲ್ಲಿ ಕಣ್ಣು ಹೊಳೆದರೆ ಪ್ರಾಣಿ ಎಂಬುದು ಹಳ್ಳಿಯ ಮಾಮೂಲು ಲೆಕ್ಕ. ಅದು ನಿಜವೂ ಹೌದು. ಕುರಿ, ನಾಯಿ, ಎತ್ತು, ಚಿಗರಿ, ತೋಳ, ನರಿ – ಇವುಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ತಿರುಗಿ ಹೊರಡಿಸುವ ಒಂದು ಪದರವಿದೆ. ಆ ಪದರ ಇಲ್ಲದ ಪ್ರಾಣಿಗಳೂ ಉಂಟು. ಅವುಗಳಲ್ಲಿ ಮನುಷ್ಯನೊಬ್ಬ. ಇನ್ನೊಂದು, ಹಂದಿ.

ಅಂದರೆ ಕಾವಲಿನವನು ಯಾವುದನ್ನು ಹುಡುಕುತ್ತಿದ್ದಾನೋ ಅದರ ಕಣ್ಣು ಹೊಳೆಯುವುದಿಲ್ಲ. ಯಾರನ್ನು ಯಾವ ಕಾರಣಕ್ಕೂ ಹೊಡೆಯಬಾರದೋ ಅವರ ಕಣ್ಣೂ ಹೊಳೆಯುವುದಿಲ್ಲ. ಕಂಬಳಿ ಹೊದ್ದು ಬಗ್ಗಿ ಮಡೆ ತಿರುಗಿಸುತ್ತಿರುವ ಮುದುಕ, ಜೋಳದ ಬುಡ ಮೂಸುತ್ತಿರುವ ಒಂಟಿಗ ಹಂದಿ. ಮಂಕು ಟಾರ್ಚಿನಲ್ಲಿ, ಮೂವತ್ತು ಮೀಟರಿನಾಚೆ, ಇಬ್ಬನಿಯ ಮಬ್ಬಿನಲ್ಲಿ ಎರಡೂ ಒಂದು ಕಪ್ಪು ಗುಡ್ಡೆ ಅಷ್ಟೆ.

ಆದ್ದರಿಂದ ರಾತ್ರಿ ಬಂದೂಕು ಹಿಡಿದವನಿಗೆ ಒಳ್ಳೆಯ ಬೆಳಕು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಅದನ್ನು ಎಲ್ಲಿ ಕಟ್ಟಬೇಕು ಎಂಬುದರಲ್ಲಿ.

ಬೆಳಕು ಹೋದಲ್ಲಿ ಮೂತಿ

ನಳಿಗೆಗೆ ಕಟ್ಟಿದ ಟಾರ್ಚಿನ ಗುಣವೂ ದೋಷವೂ ಒಂದೇ: ಬೆಳಕು ಎಲ್ಲಿಗೆ ಹೋಗುತ್ತದೋ ನಳಿಗೆಯ ಮೂತಿಯೂ ಅಲ್ಲಿಗೇ ಹೋಗುತ್ತದೆ. ಗುರಿ ಗೊತ್ತಾದ ಮೇಲೆ ಇದು ಅನುಕೂಲ. ಎರಡೂ ಕೈ ಬಂದೂಕಿನ ಮೇಲಿರುತ್ತವೆ. ಆದರೆ ಸದ್ದು ಯಾರದು ಎಂದು ಹುಡುಕುವಾಗ ಇದೇ ಗಂಡಾಂತರ. ಬಾವಿಕಟ್ಟೆ ನೋಡಬೇಕೆಂದರೆ ಬಾವಿಕಟ್ಟೆಗೆ ಗುರಿ ಇಡಬೇಕು. ಕುರಿಹಟ್ಟಿ ನೋಡಬೇಕೆಂದರೆ ಹಟ್ಟಿಗೆ ಗುರಿ ಇಡಬೇಕು. ಬಂದವನು ಅಣ್ಣನ ಮಗನೆಂದು ತಿಳಿಯಬೇಕಾದರೆ ಅವನ ಎದೆಗೆ ಗುರಿ ಇಟ್ಟೇ ತಿಳಿಯಬೇಕು.

ಬಂದೂಕು ಕಲಿಸುವವರು ಮೊದಲ ದಿನ ಹೇಳುವ ಮಾತೇ ಹೊಡೆಯಲು ಸಿದ್ಧನಿಲ್ಲದ ಯಾವುದರ ಕಡೆಗೂ ಮೂತಿ ತಿರುಗಿಸಬೇಡ ಎಂಬುದು. ನಳಿಗೆಯ ಟಾರ್ಚೊಂದನ್ನೇ ನೆಚ್ಚಿದವನು ಈ ಮಾತನ್ನು ಗುಂಡಿ ಒತ್ತಿದಾಗಲೆಲ್ಲ ಮುರಿಯುತ್ತಾನೆ.

ನಳಿಗೆಗೆ ಟಾರ್ಚು ಕಟ್ಟುವುದು ಹೊಸದೇನಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ಮಚಾನಿನ ಮೇಲೆ ಕೂತು ನರಭಕ್ಷಕಗಳಿಗೆ ಕಾಯುವಾಗ ರೈಫಲ್ಲಿಗೆ ಟಾರ್ಚು ಜೋಡಿಸಿಕೊಳ್ಳುತ್ತಿದ್ದ. ತೇಜಸ್ವಿಯವರ ಕನ್ನಡದಲ್ಲಿ ಆ ಕಥೆಗಳನ್ನು ಓದಿದವರಿಗೆ ಆ ಒಂದು ಕ್ಲಿಕ್ಕಿನ ಕ್ಷಣ ಗೊತ್ತು. ಆದರೆ ಅವನ ಸ್ಥಿತಿ ಬೇರೆ. ಕೆಳಗೆ ಹುಲಿ ಕೊಂದ ಹೋರಿ ಬಿದ್ದಿರುತ್ತಿತ್ತು. ನರಭಕ್ಷಕದ ಭಯಕ್ಕೆ ಸುತ್ತಣ ಹಳ್ಳಿಗಳ ಬಾಗಿಲು ಸಂಜೆಗೇ ಮುಚ್ಚಿರುತ್ತಿದ್ದವು. ಬೆಳಕಿನಲ್ಲಿ ಸಿಕ್ಕುವುದು ಹುಲಿಯೇ ಎಂದು ಅವನು ನೆಚ್ಚಬಹುದಿತ್ತು. ಕರೆಂಟಿನ ಪಾಳಿ ಇರುವ ಹೊಲದಲ್ಲಿ ಹಾಗೆ ನೆಚ್ಚುವಂತಿಲ್ಲ.

ಬಂದೂಕಿಗೆಂದೇ ಮಾಡಿದ ದೀಪಗಳು ಅಮೆರಿಕದಲ್ಲಿ 1980ರ ದಶಕದಿಂದ ಬಳಕೆಗೆ ಬಂದವು, ಮುಖ್ಯವಾಗಿ ಪೊಲೀಸರಿಗೆ. ಕತ್ತಲ ಕೋಣೆಯೊಳಗೆ ಶಸ್ತ್ರಧಾರಿಯನ್ನು ಹುಡುಕಿ ಹೋಗುವವರ ಸಲಕರಣೆ ಅದು. ಅವರ ಸೊಂಟದಲ್ಲಿ ಬೇರೆ ಕೈಟಾರ್ಚೂ ಇರುತ್ತದೆ. ಆ ಎರಡನೆಯ ಟಾರ್ಚನ್ನು ಬಿಟ್ಟು ಮೊದಲನೆಯದನ್ನಷ್ಟೇ ನಾವು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ.

◆ ಬಾಕ್ಸ್: ಹನ್ನೆರಡು ಬೋರ್ ಅಂದರೆ?
ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮನಾದ ಗುಂಡುಗಳನ್ನಾಗಿ ಎರೆದರೆ ಒಂದೊಂದರ ಅಡ್ಡಳತೆ ಸುಮಾರು 18.5 ಮಿ.ಮೀ. ನಳಿಗೆಯ ಒಳ ಅಳತೆಯೂ ಅದೇ. ಇಂದಿನ ಚಾರ್ಜಿಂಗ್ ಟಾರ್ಚುಗಳಲ್ಲಿ ಸಾಮಾನ್ಯವಾಗಿರುವ 18650 ಸೆಲ್ಲಿನ ಅಡ್ಡಳತೆ 18 ಮಿ.ಮೀ., ಉದ್ದ 65 ಮಿ.ಮೀ. ತೋಟಾ ಮತ್ತು ಸೆಲ್ಲನ್ನು ಒಂದೇ ಕಿಸೆಯಲ್ಲಿ ಹಾಕಿಕೊಂಡು ಕತ್ತಲಲ್ಲಿ ತಡಕಾಡಬೇಡಿ ಎಂದು ಬೇರೆ ಹೇಳಬೇಕಿಲ್ಲ.

ಲ್ಯೂಮೆನ್ನಿನ ಮೋಹ

ಸಂತೆಯಲ್ಲಿ ಟಾರ್ಚು ಮಾರುವವನು ಒಂದೇ ಸಂಖ್ಯೆ ಕೂಗುತ್ತಾನೆ: ಇಷ್ಟು ಸಾವಿರ ಲ್ಯೂಮೆನ್. ಡಬ್ಬಿಯ ಮೇಲೂ ಅದೇ. ಲ್ಯೂಮೆನ್ ಎಂದರೆ ಟಾರ್ಚಿನ ಬಾಯಿಂದ ಒಟ್ಟು ಎಷ್ಟು ಬೆಳಕು ಹೊರಬಿತ್ತು ಎಂಬ ಲೆಕ್ಕ. ಅದು ಕಾಲಬುಡದಲ್ಲೇ ಹರಡಿತೋ, ಹೊಲದ ಆಚೆ ಬದು ಮುಟ್ಟಿತೋ ಎಂಬುದನ್ನು ಲ್ಯೂಮೆನ್ ಹೇಳುವುದಿಲ್ಲ. ಅದನ್ನು ಹೇಳುವುದು ಕ್ಯಾಂಡೆಲಾ.

ಹತ್ತು ಸಾವಿರ ಕ್ಯಾಂಡೆಲಾದ ಟಾರ್ಚು ಮೂವತ್ತು ಮೀಟರ್ ದೂರದಲ್ಲಿ ಹನ್ನೊಂದು ಲಕ್ಸ್‌ನಷ್ಟು ಬೆಳಕು ಬೀಳಿಸುತ್ತದೆ. ಟೊಪ್ಪಿಗೆಯೋ, ಕಂಬಳಿಯೋ, ಕೋರೆಯೋ ಎಂದು ಬೇರ್ಪಡಿಸಲು ಅದು ಸಾಕು. ಹನ್ನೆರಡು ಬೋರಿನ ಚರೆ ಕೆಲಸ ಮಾಡುವ ದೂರವೂ ಮೂವತ್ತು, ಹೆಚ್ಚೆಂದರೆ ನಲವತ್ತು ಮೀಟರ್. ಅದರಾಚೆ ಚರೆ ಚದುರಿ ಹೋಗಿ ಗಾಯ ಮಾಡೀತೇ ಹೊರತು ಬೇರೇನಲ್ಲ. ಹೀಗಿರುವಾಗ ಐದುನೂರು ಮೀಟರ್ ಹಾಯುವ ದೀಪವನ್ನು ನಳಿಗೆಗೆ ಕಟ್ಟಿಕೊಂಡು ಏನು ಮಾಡುವುದು? ನಡುವೆ ಬಿಗಿಯಾದ ಬೆಳಕು, ಸುತ್ತ ಮಂದವಾಗಿ ಹರಡಿದ ಬೆಳಕು ಇರುವ ಟಾರ್ಚೇ ಹೊಲಕ್ಕೆ ಹೊಂದುವುದು. ಪಕ್ಕದ ಸಾಲಿನಲ್ಲಿ ನಿಂತವನು ಕಾಣುವುದು ಆ ಮಂದ ಬೆಳಕಿನಲ್ಲೇ.

ನನ್ನ ಕೇಳಿದರೆ, ಡಬ್ಬಿಯ ಮೇಲೆ ಲ್ಯೂಮೆನ್ ಮಾತ್ರ ಬರೆದು ಕ್ಯಾಂಡೆಲಾ ಬರೆಯದ ಟಾರ್ಚನ್ನು ಕೆಳಗಿಟ್ಟು ಮುಂದೆ ಹೋಗಬಹುದು.

◆ ಬಾಕ್ಸ್: ಡಬ್ಬಿಯ ಮೇಲಿನ 'ದೂರ'
ಟಾರ್ಚಿನ ಡಬ್ಬಿಯ ಮೇಲೆ ಮೀಟರಿನಲ್ಲಿ ಬರೆದಿರುವ ದೂರ ಎಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟು. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಆ ದೂರ ಬರುತ್ತದೆ: 10,000 ಕ್ಯಾಂಡೆಲಾಕ್ಕೆ 200 ಮೀಟರ್, 40,000ಕ್ಕೆ 400. ಬೆಳಕು ನಾಲ್ಕು ಪಟ್ಟಾದರೆ ದೂರ ಎರಡೇ ಪಟ್ಟು. ಅಷ್ಟು ದೂರದಲ್ಲಿ ಏನೋ ಇದೆ ಎಂದು ತಿಳಿದೀತು. ಯಾರು ಎಂದು ತಿಳಿಯುವುದಿಲ್ಲ.

ಒದೆತಕ್ಕೆ ನಿಲ್ಲುವುದು ಯಾವುದು?

ಹಿಂದೆ ಎವರೆಡಿ, ಜೀಪ್ ಕಂಪನಿಯ ಮೂರು ಸೆಲ್ಲಿನ ಉದ್ದ ಬ್ಯಾಟರಿಗಳಿದ್ದವು. ಅಡ್ಡ ಬಂದ ನಾಯಿಗೆ ಬೀಸಲೂ ಆಗುತ್ತಿತ್ತು. ಅವನ್ನು ಯಾರಾದರೂ ನಳಿಗೆಗೆ ಕಟ್ಟಿದರೆ ಒಂದೇ ಗುಂಡಿಗೆ ಬಲ್ಬಿನ ತಂತಿ ಹರಿಯುತ್ತಿತ್ತು. ಎಲ್‌ಇಡಿಯಲ್ಲಿ ಹರಿಯುವ ತಂತಿ ಇಲ್ಲ. ಆದರೂ ಹನ್ನೆರಡು ಬೋರಿನ ಒದೆತ ಸಣ್ಣದಲ್ಲ. ಅಗ್ಗದ ಟಾರ್ಚಿನಲ್ಲಿ ಸೆಲ್ಲು ಸ್ಪ್ರಿಂಗನ್ನು ಒತ್ತಿ ಒಂದು ಕ್ಷಣ ಸಂಪರ್ಕ ತಪ್ಪುತ್ತದೆ. ದೀಪ ಆರುತ್ತದೆ, ಇಲ್ಲವೆ ಮಿಣುಕುವ ಮೋಡಿಗೆ ಹಾರುತ್ತದೆ. ಹಾರಿಸಿದ ಮರುಕ್ಷಣವೇ ಎದುರಿಗೇನಿದೆ ಎಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಬೇಕಾದದ್ದು. ಕತ್ತಲಾಗುವುದೂ ಆಗಲೇ.

ಮುಂದಕ್ಕೆ ಎಳೆದರೆ ಬೆಳಕು ಚೂಪಾಗುವ ಜೂಮ್ ಟಾರ್ಚುಗಳು ಸಂತೆಯಲ್ಲಿ ಬಹಳ. ಒದೆತಕ್ಕೆ ಅವುಗಳ ಮೂತಿ ತಾನೇ ಸರಿಯುತ್ತದೆ. ಬಂದೂಕಿಗೆ ಅವು ಬೇಡವೇ ಬೇಡ.

ಕಟ್ಟುವ ಜಾಗವೂ ಕಷ್ಟದ್ದೇ. ನಮ್ಮ ಕಡೆಯ ಲೈಸೆನ್ಸಿನ ಬಂದೂಕುಗಳು ಬಹುಪಾಲು ಅಜ್ಜ, ಅಪ್ಪನ ಕಾಲದ ಒಂಟಿ ಅಥವಾ ಜೋಡಿ ನಳಿಗೆಯವು. ಇವಕ್ಕೆ ದೀಪ ಕೂಡಿಸುವ ಹಲ್ಲುಪಟ್ಟಿ ಇರುವುದಿಲ್ಲ. ಟ್ಯೂಬಿನ ರಬ್ಬರು ಪ್ರತಿ ಗುಂಡಿಗೂ ಒಂದಿಷ್ಟು ಜಾರುತ್ತದೆ. ಕಬ್ಬಿಣದ ಕ್ಲಾಂಪು ಬಿಗಿದರೆ ತೆಳು ನಳಿಗೆಗೆ ತಗ್ಗು ಬೀಳಬಹುದು. ತಗ್ಗು ಬಿದ್ದ ನಳಿಗೆಯಲ್ಲಿ ಗುಂಡು ಹಾರಿಸುವುದು ಸ್ವಂತ ಮುಖದ ಮೇಲೆ ಆಟ. ಹೊಸ ಪಂಪ್ ಬಂದೂಕಿನ ಮುಂಗೈ ಹಿಡಿಕೆಯಲ್ಲೇ ಕೂಡುವ ದೀಪಗಳಿವೆ. ಅವು ನೆಟ್ಟಗಿವೆ. ಬೆಲೆಯೂ ನೆಟ್ಟಗೇ ಇದೆ.

ಸ್ವಿಚ್ಚು ಒತ್ತಿದಷ್ಟು ಹೊತ್ತು ಮಾತ್ರ ಉರಿದು, ಬಿಟ್ಟೊಡನೆ ಆರಬೇಕು. ಕುದುರೆ ಎಳೆಯುವ ಬೆರಳಿಗೆ ಸ್ವಿಚ್ಚಿನ ಕೆಲಸ ಎಂದೂ ಕೊಡಕೂಡದು. ಗಾಬರಿಯಲ್ಲಿ ಒಂದು ಕೈ ಬಿಗಿದರೆ ಇನ್ನೊಂದೂ ತಾನಾಗಿ ಬಿಗಿಯುತ್ತದೆ.

ಬಣ್ಣದ ಮಾತೂ ಇದೆ. ಕತ್ತಲಿಗೆ ಕಣ್ಣು ಪೂರ್ತಿ ಪಳಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಬಿಳಿ ದೀಪ ಒಂದು ಸಲ ಮುಖಕ್ಕೆ ಹೊಡೆದರೆ ಅಷ್ಟೂ ಹೋಯಿತು. ರಾತ್ರಿ ನೋಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ತಾಗುವುದೇ ಇಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಮಿಣುಕುವ ಗಾಳಿಯಂತ್ರದ ಕೆಂಪು ದೀಪವನ್ನು ಎಷ್ಟು ಹೊತ್ತು ನೋಡಿದರೂ ಎದುರಿನ ಕಾಲುದಾರಿ ಕಾಣೆಯಾಗದಿರುವುದು ಅದಕ್ಕೇ. ಹೀಗಾಗಿ ಬುತ್ತಿ ಬಿಚ್ಚಲು, ಬದು ದಾಟಲು ಕೆಂಪು ದೀಪ ಸರಿ. ಆದರೆ ಎದುರಿಗಿರುವುದು ಯಾರೆಂದು ಗುರುತಿಸಲು ಬಿಳಿ ಬೆಳಕೇ ಬೇಕು. ಕೆಂಪಿನಲ್ಲಿ ಕೆಂಪು ಸೀರೆಯೂ ಬಿಳಿ ಧೋತರವೂ ಒಂದೇ ಬಣ್ಣ.

ಕಾಯಿದೆಯ ಕತ್ತಲು

ಇಷ್ಟೆಲ್ಲ ಆರಿಸಿ, ಕಟ್ಟಿ, ಗುರಿ ಹಿಡಿದಾಯಿತು. ಹೊಡೆಯಬಹುದೇ?

ಚಿಗರಿಯನ್ನು ಇಲ್ಲವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಯಾರೂ ಅನುಮತಿ ಕೊಡುವಂತಿಲ್ಲ. ಹಂದಿ 2023ರ ಏಪ್ರಿಲ್ 1ರಿಂದ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅದರಿಂದ ಅಪಾಯವಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು 11ನೇ ಕಲಮಿನಡಿ ಲಿಖಿತ ಆದೇಶ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ ಅದು ಬೇಟೆ. ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದದ್ದು ಮಾತ್ರ ಬೇರೆ.

1972ರ ಮೂಲ ಕಾಯಿದೆಯಲ್ಲಿ ದೀಪದ ಬಗ್ಗೆಯೇ ಒಂದು ಮಾತಿತ್ತು. ಲೈಸೆನ್ಸಿನ ಬೇಟೆಗೆ ಆಗಿನ್ನೂ ಅವಕಾಶವಿತ್ತು; ಆದರೆ ಕೃತಕ ಬೆಳಕು ಬಿಟ್ಟು ಬೇಟೆಯಾಡಕೂಡದು ಎಂದು 17ನೇ ಕಲಮು ಹೇಳುತ್ತಿತ್ತು. ತಾನು ಕೊಂದದ್ದನ್ನು ತಿನ್ನಲು ಬರುವ ಮಾಂಸಾಹಾರಿ ಪ್ರಾಣಿಯ ವಿಷಯದಲ್ಲಷ್ಟೇ, ಅದೂ ವಿಶೇಷ ಪರವಾನಗಿಯ ಮೇಲೆ, ರಿಯಾಯಿತಿ. ಆಂಡರ್ಸನ್‌ನ ಮಚಾನು ನೆನಪಾಗುತ್ತದಲ್ಲ! 1991ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಬೇಟೆಯೇ ರದ್ದಾಯಿತು, ಅದರ ಜೊತೆಗೆ ದೀಪದ ನಿಯಮವೂ ಹೋಯಿತು.

ಬಂದೂಕಿನ ಕಡೆಯಿಂದ ನೋಡಿದರೆ 1959ರ ಶಸ್ತ್ರ ಕಾಯಿದೆ ಸದ್ದು ಅಡಗಿಸುವ, ಹಾರಿದಾಗಿನ ಕಿಡಿ ಮರೆಸುವ ಸಲಕರಣೆಗಳನ್ನು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಟಾರ್ಚು ಆ ಸಾಲಿನಲ್ಲಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಚಿಗರಿ ಓಡಾಡುವ ಹೊಲದಲ್ಲಿ ದೀಪ ಕಟ್ಟಿದ ಬಂದೂಕು ಹಿಡಿದು ನಿಂತವನು ಅರಣ್ಯ ಇಲಾಖೆಯವರ ಕಣ್ಣಿಗೆ ಕಾವಲಿನವನಂತೆ ಕಾಣುವುದು ಕಷ್ಟ. ಪರವಾನಗಿ ಕೊಟ್ಟ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ವಕೀಲರಿಗೆ ಫೀ ಕೊಡುವುದಕ್ಕಿಂತ ಅಗ್ಗ.

ಅದೇ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಯನ್ನು ಹೆಸರಿಸಿಯೇ ಹೇಳುತ್ತದೆ. ಹೇಳುವುದು ಮೂತಿಯಿಂದ ಮದ್ದು ತುಂಬುವ ಬಂದೂಕಿನ ಬಗ್ಗೆ. 'ಡಂ' ಎನ್ನಿಸಿ ಬೆದರಿಸಲು ಅದು ಸಾಕು ಎಂಬುದು ಕಾಯಿದೆ ಬರೆದವರ ಎಣಿಕೆಯಾಗಿತ್ತೇನೋ.

◆ ಬಾಕ್ಸ್: ಆಯುಧ ಕೇಳಿದ ಸರಕಾರ
ಈ ಸೀಮೆಗೆ ಬಂದೂಕಿನ ಪರವಾನಗಿಯ ಕಥೆ ರಕ್ತದಿಂದಲೇ ಶುರುವಾದದ್ದು. 1857ರಲ್ಲಿ ಬ್ರಿಟಿಷರು ಜನರ ಆಯುಧ ಕಸಿಯಲು ಹೊರಟಾಗ ಮುಧೋಳ ಬಳಿಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದು ಎದ್ದರು. ಆ ನವೆಂಬರಿನಲ್ಲೇ ಹಲಗಲಿ ಸುಟ್ಟುಹೋಯಿತು. ನರಗುಂದದ ದೊರೆ ಬಾಬಾಸಾಹೇಬ ಭಾಸ್ಕರರಾಯನ ಮೇಲೂ ತೋಪು, ಮದ್ದು ಒಪ್ಪಿಸುವಂತೆ ಒತ್ತಡ ಬಂತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬಿಡಾರ ಮಾಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಹಾಗಾದರೆ ಏನು ಕೊಳ್ಳುವುದು?

ಒಂದೇ ಟಾರ್ಚಿಗೆ ದುಡ್ಡಿದ್ದರೆ ಅದು ಕೈಗೆ ಅಥವಾ ಹಣೆಗೆ. ನಳಿಗೆಗಲ್ಲ. ಹಣೆದೀಪ ಮುಖ ತಿರುಗಿದತ್ತ ತಿರುಗುತ್ತದೆ, ಮೂತಿ ನೆಲ ನೋಡುತ್ತಲೇ ಇರುತ್ತದೆ. ಒಳ್ಳೆಯ ಕೈಟಾರ್ಚು ನೇರ ಕಣ್ಣಿಗೆ ಬಿದ್ದರೆ ಹಂದಿ ಕಾಲುಕೀಳುವ ಸಂಭವವೂ ಉಂಟು, ತೋಟಾ ಖರ್ಚಿಲ್ಲದೆ. ಹತ್ತು ದಿನ ಅದೇ ದೀಪ ತೋರಿಸಿದರೆ ಹೆದರುವುದನ್ನು ಬಿಡುತ್ತದೆ ಎಂಬುದೂ ನಿಜ. ಹಂದಿ ದಡ್ಡ ಪ್ರಾಣಿಯಲ್ಲ. ದೀಪದ ಜಾಗ, ಸದ್ದಿನ ಹೊತ್ತು ಬದಲಾಗುತ್ತಿರಬೇಕು.

ಮನೆ ಒಂಟಿಯಾಗಿ ತೋಟದಲ್ಲಿದೆ, ಆತ್ಮರಕ್ಷಣೆಗೆಂದೇ ಬಂದೂಕಿದೆ ಎನ್ನುವವರು ನಳಿಗೆಗೆ ದೀಪ ಕೂಡಿಸಬಹುದು. ಅದು ಕೈಟಾರ್ಚು ಕೊಂಡ ಮೇಲಿನ ಮಾತು. ಕೂಡಿಸಿದ ಮೇಲೆ ಖಾಲಿ ಬಂದೂಕಿನಲ್ಲಿ, ತೋಟಾ ಬೇರೆ ಕೋಣೆಯಲ್ಲಿಟ್ಟು, ಕತ್ತಲಲ್ಲಿ ಸ್ವಿಚ್ಚು ಹುಡುಕುವ ಅಭ್ಯಾಸ ಆಗಬೇಕು. ನಳಿಗೆಯ ತುದಿಯ ನೆರಳು ಬೆಳಕನ್ನು ಎಷ್ಟು ನುಂಗುತ್ತದೆ, ಸುಣ್ಣದ ಗೋಡೆಗೆ ಬಿಟ್ಟ ದೀಪ ತಿರುಗಿ ನಮ್ಮ ಕಣ್ಣನ್ನೇ ಎಷ್ಟು ಕುಕ್ಕುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ಇದೆಲ್ಲಕ್ಕಿಂತ ಅಗ್ಗದ ಏರ್ಪಾಡೊಂದಿದೆ: ಯಾರ ಪಾಳಿ ಯಾವ ರಾತ್ರಿ ಎಂದು ಅಕ್ಕಪಕ್ಕದ ಹೊಲದವರು ಫೋನಿನಲ್ಲಿ ಹೇಳಿಕೊಳ್ಳುವುದು, ಹೊಲಕ್ಕೆ ಕಾಲಿಟ್ಟೊಡನೆ ಒಂದು ಕೂಗು ಹಾಕುವುದು. ಕುರಿಹಟ್ಟಿ ಯಾರ ಹೊಲದಲ್ಲಿ ಇಳಿದಿದೆ ಎಂಬುದು ಸಂಜೆಯೇ ಊರಿಗೆಲ್ಲ ಗೊತ್ತಿರುತ್ತದೆ, ಕಾವಲಿನವನಿಗೂ ಗೊತ್ತಿರಬೇಕು. ಹಾನಿಯಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಬೆಳಗಿನ ಬಿಸಿಲಿನಲ್ಲಿ ತುಳಿದ ಸಾಲಿನ ಫೋಟೊ ತೆಗೆದಿಟ್ಟವರ ಅರ್ಜಿಗೆ ಬಲ ಹೆಚ್ಚು.

ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕು ಠಾಣೆಯಲ್ಲಿ ಜಮೆಯಾಗುವ ರೂಢಿ ಇದೆ. ವಿಧಾನಸಭೆ, ಲೋಕಸಭೆಯ ಮತದಾನ ಈಚೆಗೆ ಬೇಸಿಗೆಯಲ್ಲಿ ಬರುತ್ತಿರುವುದರಿಂದ ಎರೆಹೊಲದವರಿಗೆ ಚಿಂತೆಯಿಲ್ಲ, ಆಗ ಅಲ್ಲಿ ಕಾಯಲು ಏನೂ ಇರುವುದಿಲ್ಲ. ಆದರೆ 2020ರ ಗ್ರಾಮ ಪಂಚಾಯ್ತಿ ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು, ಕಡಲೆ ಹೊಲದಲ್ಲಿರುವ ದಿನಗಳಲ್ಲಿ. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಬಂದೂಕು ಠಾಣೆಗೆ ಕೊಟ್ಟು ಬಂದವರು ಅಂಥ ದಿನಗಳಲ್ಲಿ ಕೈಬ್ಯಾಟರಿ, ಹಲಗೆ, ಗಂಟಲು ಇಟ್ಟುಕೊಂಡೇ ಹೊಲ ಕಾಯುತ್ತಾರೆ.